ಬಣ್ಣದ ಗನ್ನಿಗಿಂತ ಮೊದಲು ಕಿಟಕಿ ನೋಡಿ

“ಆಪಾ, ಮಕ್ಕಳ ಕೂಟಕ್ಕ ಏರ್‌ಬ್ರಷ್ ತರಬೇಕಂತ ಮಾಡೀವ್ರಿ. ಯಾವ ಕಂಪನಿದು ಚಲೋ, ಹೇಳ್ರಿ.”

ತೇರದಾಳದ ನಮ್ಮ ಓಣಿಯಲ್ಲಿ ರಜೆಯ ದಿನಗಳಲ್ಲಿ ಮಕ್ಕಳನ್ನು ಕೂಡಿಸಿ ಕರಕುಶಲ ಕಲಿಸುವ ತಾಯಂದಿರು ಕೇಳಿದ ಪ್ರಶ್ನೆ ಇದು. ಕಾಗದದ ಹೂವು, ಮಣ್ಣಿನ ಕುಡಿಕೆ, ಈದ್ ಕಾರ್ಡು ಎಲ್ಲ ಆಗಿದೆ. ಈಗ ಮಕ್ಕಳು ಮೊಬೈಲಿನಲ್ಲಿ ಏರ್‌ಬ್ರಷ್ ವಿಡಿಯೊ ನೋಡಿದ್ದಾರೆ. ಪೆನ್ನಿನಂಥ ಒಂದು ಸಣ್ಣ ಗನ್, ಅದಕ್ಕೊಂದು ಗಾಳಿಯ ಪೈಪ್. ಗುಂಡಿ ಒತ್ತಿದರೆ ಬಣ್ಣ ಮಂಜಿನಂತೆ ಬಂದು ಕಾಗದದ ಮೇಲೆ ಕೂರುತ್ತದೆ. ನೋಡಿದರೆ ದೊಡ್ಡವರಿಗೂ ಆಸೆಯಾಗುತ್ತದೆ. ನನಗೂ ಆಯಿತು.

ಆದರೆ ಕಂಪನಿಯ ಹೆಸರು ಹೇಳುವ ಮೊದಲು ನಾನು ಅವರಿಗೆ ಬೇರೆ ಪ್ರಶ್ನೆ ಕೇಳಿದೆ. ಕೂಟ ನಡೆಯುವ ಕೋಣೆಗೆ ಎಷ್ಟು ಕಿಟಕಿ ಇವೆ? ಅವರಿಗೆ ನಗು ಬಂತು. “ಬರೇ ನೀರಿನ ಬಣ್ಣ ಐತ್ರಿ ಆಪಾ, ಅದಕ್ಕ ಏನಾಗ್ತೈತ್ರಿ?” ಅಂದರು. ಈ ಲೇಖನ ಆ ನಗುವಿಗೆ ನಾನು ಕೊಡುವ ಉತ್ತರ.

ಗಾಳಿಯಲ್ಲಿ ತೇಲುವ ನಯವಾದ ಧೂಳು ಎಂದರೇನು ಎಂಬುದನ್ನು ನಮ್ಮ ಸೀಮೆಯ ಜನರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ರಬಕವಿ, ಬನಹಟ್ಟಿ, ತೇರದಾಳದ ಮಗ್ಗದ ಮನೆಗಳಲ್ಲಿ ಹುಟ್ಟಿ ಬೆಳೆದವರು ನಾವು. ಜಂತಿಯ ಮೇಲೆ, ಲೈಟಿನ ವೈರಿನ ಮೇಲೆ ಬೆಳ್ಳಗೆ ಜೋತುಬೀಳುವ ನೂಲಿನ ಧೂಳನ್ನು ನೋಡಿದ್ದೇವೆ. ವರ್ಷಗಟ್ಟಲೆ ಹತ್ತಿಯ ಧೂಳು ಕುಡಿದ ಎದೆ ಹೇಗೆ ಬಿಗಿಯುತ್ತದೆ, ವಯಸ್ಸಾದ ಚಾಚಾ ಒಬ್ಬರು ಮೆಟ್ಟಿಲು ಹತ್ತುವಾಗ ಯಾಕೆ ನಡುವೆ ನಿಲ್ಲುತ್ತಾರೆ ಎಂಬುದೂ ಗೊತ್ತು. ವೈದ್ಯರು ಇದನ್ನು ಬಿಸಿನೋಸಿಸ್ ಎನ್ನುತ್ತಾರೆ. ಅರಿಶಿಣ ಕುದಿಸಿ, ಒಣಗಿಸಿ, ಡ್ರಮ್ಮಿನಲ್ಲಿ ಹಾಕಿ ಪಾಲಿಶ್ ಮಾಡುವಾಗ ಅಲ್ಲಿ ಸ್ವಲ್ಪ ಹೊತ್ತು ನಿಂತು ಬಂದು ಮೂಗು ಒರೆಸಿಕೊಳ್ಳಿ, ಕರವಸ್ತ್ರ ಹಳದಿಯಾಗುತ್ತದೆ. ಏರ್‌ಬ್ರಷ್ ಮಾಡುವುದೂ ಅದೇ ಕೆಲಸ. ದ್ರವವನ್ನು ಧೂಳಿನಷ್ಟು ಸಣ್ಣಗೆ ಒಡೆದು ಗಾಳಿಗೆ ಬಿಡುತ್ತದೆ. ಕಾಗದಕ್ಕೆ ಅಂಟಿದ್ದು ಚಿತ್ರವಾಗುತ್ತದೆ. ಅಂಟದೆ ಉಳಿದದ್ದು ಗಾಳಿಯಲ್ಲೇ ಒಣಗಿ ಪುಡಿಯಾಗಿ ಕೋಣೆಯೊಳಗೆ ತಿರುಗುತ್ತಿರುತ್ತದೆ. ನಮ್ಮೂರ ಬೇಸಿಗೆಯಲ್ಲಿ ಅದು ಇನ್ನೂ ಬೇಗ ಒಣಗುತ್ತದೆ.

ದೊಡ್ಡ ಕಣಗಳನ್ನು ಮೂಗು ಮತ್ತು ಗಂಟಲು ತಡೆಯುತ್ತವೆ. ಸುಮಾರು ಐದು ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನಮ್ಮ ಒಂದು ತಲೆಕೂದಲಿನ ದಪ್ಪವೇ ಎಪ್ಪತ್ತು ಮೈಕ್ರಾನ್ ಹತ್ತಿರ ಇರುತ್ತದೆ, ಅಂದರೆ ಇವು ಕಣ್ಣಿಗೆ ಬೀಳುವ ಮಾತೇ ಇಲ್ಲ. ಅದರ ಮೇಲೆ ಮಕ್ಕಳ ಉಸಿರಾಟ ನಮಗಿಂತ ಚುರುಕು. ಸುಮ್ಮನೆ ಕುಳಿತಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ, ಎಂಟು ಹತ್ತು ವರ್ಷದ ಮಗು ಸುಮಾರು 18ರಿಂದ 25 ಸಲ ಉಸಿರಾಡುತ್ತದೆ. ಮೈತೂಕದ ಲೆಕ್ಕದಲ್ಲಿ ನೋಡಿದರೆ ಅದೇ ಕೋಣೆಯಲ್ಲಿ ಮಗು ನಮಗಿಂತ ಹೆಚ್ಚು ಗಾಳಿ ಒಳಗೆಳೆದುಕೊಳ್ಳುತ್ತದೆ. ಚಿತ್ರ ಬಿಡಿಸುವಾಗ ಮಕ್ಕಳು ಮುಖವನ್ನು ಕಾಗದಕ್ಕೆ ಎಷ್ಟು ಹತ್ತಿರ ತರುತ್ತಾರೆ ಎಂಬುದನ್ನು ನೀವೇ ನೋಡಿದ್ದೀರಿ.

ಹಾಗಾಗಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಹನ್ನೆರಡು ವರ್ಷದೊಳಗಿನ ಮಕ್ಕಳ ಕೈಗೆ ಏರ್‌ಬ್ರಷ್ ಕೊಡಬೇಡಿ. ಇದು ನಾನೊಬ್ಬಳೇ ಹೇಳುವ ಮಾತಲ್ಲ. ಅಮೆರಿಕದ ಮೈಕೆಲ್ ಮೆಕ್ಯಾನ್ 1979ರಲ್ಲಿ ‘ಆರ್ಟಿಸ್ಟ್ ಬಿವೇರ್’ ಎಂಬ ಪುಸ್ತಕ ಬರೆದು ಬಣ್ಣ, ಜೇಡಿಮಣ್ಣು, ದ್ರಾವಕಗಳಿಂದ ಕಲಾವಿದರಿಗೆ ಆಗುವ ತೊಂದರೆಗಳನ್ನು ಜನರ ಗಮನಕ್ಕೆ ತಂದರು. ಸಣ್ಣ ಮಕ್ಕಳ ಕಲಾ ತರಗತಿಯಲ್ಲಿ ಸಿಂಪಡಿಸುವ ಬಣ್ಣ ಬೇಡ, ಬದಲಿಗೆ ನೀರಿನ ಬಣ್ಣ ಮತ್ತು ಕುಂಚ ಸಾಕು ಎಂಬ ಸಲಹೆ ಅಲ್ಲಿ ಬಹಳ ಹಿಂದಿನಿಂದ ಇದೆ. ಚಿಕ್ಕವರಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಕೊಡಿ. ರಟ್ಟಿನಲ್ಲಿ ಚಂದ್ರ, ಮಿನಾರು, ಎಲೆ ಕತ್ತರಿಸಿ ಕಾಗದದ ಮೇಲಿಟ್ಟು, ಬ್ರಷ್ಷಿನ ಎಳೆಗಳನ್ನು ಬೆರಳಿನಿಂದ ಮೀಟಿ ಬಣ್ಣ ಚಿಮುಕಿಸಲಿ. ಹನಿಗಳು ದಪ್ಪಗಿರುತ್ತವೆ, ನೇರ ಕೆಳಗೆ ಬೀಳುತ್ತವೆ, ಎದೆಗೆ ಹೋಗುವುದಿಲ್ಲ. ಸ್ಪಂಜಿನ ತುಂಡಿನಿಂದ ಒತ್ತಿದರೂ ಚಂದವೇ. ಅಂಗಿ ಕೊಳೆಯಾಗುತ್ತದೆ, ಆಗಲಿ.

ದೊಡ್ಡ ಮಕ್ಕಳಿಗೆ ಕಲಿಸುವುದಾದರೆ ಸಾಮಾನು ಆರಿಸಬೇಕಾದ ಕ್ರಮ ಅಂಗಡಿಯವರು ಹೇಳುವುದಕ್ಕಿಂತ ಬೇರೆ. ಅವರು ಗನ್ ಮೊದಲು ತೋರಿಸುತ್ತಾರೆ. ನೀವು ಬಣ್ಣ ಮೊದಲು ಕೇಳಿ.

ನಮ್ಮೂರಲ್ಲಿ ಸಿಂಪಡಿಸುವ ಬಣ್ಣ ಎಂದರೆ ಗ್ಯಾರೇಜಿನ ಬಣ್ಣ. ಲಾರಿ, ಟ್ರ್ಯಾಕ್ಟರ್, ಬೈಕಿನ ಟ್ಯಾಂಕಿಗೆ ಬಣ್ಣ ಹೊಡೆಯುವ ಕೆಲಸದಲ್ಲಿ ನಮ್ಮ ಮನೆಗಳ ಗಂಡುಮಕ್ಕಳು ಬಹಳ ಜನ ಇದ್ದಾರೆ. ಕೂಟಕ್ಕೆ ಬೇಕೆಂದರೆ ಮಾಮನೋ ಅಣ್ಣನೋ ಉಳಿದ ಡುಕೊ ಪೇಂಟು, ತಿನ್ನರ್ ಪ್ರೀತಿಯಿಂದಲೇ ತಂದುಕೊಡುತ್ತಾರೆ. ದಯವಿಟ್ಟು ಬೇಡ ಎನ್ನಿ. ತಿನ್ನರಿನಲ್ಲಿ ಸಾಮಾನ್ಯವಾಗಿ ಟಾಲ್ವೀನ್ ಇರುತ್ತದೆ, ಅದು ತಲೆಸುತ್ತು ತರುತ್ತದೆ, ನರಗಳಿಗೆ ಕೆಟ್ಟದ್ದು. ಹಾರ್ಡ್‌ನರ್ ಬೆರೆಸುವ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಉದ್ಯೋಗದಿಂದ ಬರುವ ಅಸ್ತಮಾಗೆ ಜಗತ್ತಿನಾದ್ಯಂತ ಇದು ಹೆಸರಾದ ಕಾರಣ. ಒಮ್ಮೆ ಅದಕ್ಕೆ ಮೈ ಸೂಕ್ಷ್ಮವಾದರೆ ಆಮೇಲೆ ಅತಿ ಕಡಿಮೆ ಪ್ರಮಾಣವೂ ಉಬ್ಬಸ ತರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪೇಂಟರ್ ವೃತ್ತಿಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವಂಥವುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಮಕ್ಕಳ ಮಾತು ಬಂದಾಗ ಇದನ್ನು ಬರೆಯುತ್ತಿದ್ದೇನೆ, ಆದರೆ ದಿನವಿಡೀ ಕರವಸ್ತ್ರ ಕಟ್ಟಿಕೊಂಡು ಗ್ಯಾರೇಜಿನಲ್ಲಿ ನಿಲ್ಲುವ ನಮ್ಮ ಹುಡುಗರ ವಿಷಯ ಇದಕ್ಕಿಂತ ದೊಡ್ಡದು, ಅದನ್ನು ಬೇರೆಯೇ ಬರೆಯಬೇಕು.

ಸೀಸದ ಮಾತೂ ಇದೆ. ಮನೆಗೆ ಹಚ್ಚುವ, ಅಲಂಕಾರದ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂದು ನಮ್ಮ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು, 2017ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ಕೈಗಾರಿಕೆಗೆ ಬಳಸುವ ಬಣ್ಣ ಆ ನಿಯಮದೊಳಗೆ ಬರುವುದಿಲ್ಲ. ಗ್ಯಾರೇಜಿನ ಡಬ್ಬಿ ಮಕ್ಕಳ ಮೇಜಿಗೆ ಬರಬಾರದು ಎನ್ನಲು ಇದೊಂದೇ ಕಾರಣ ಸಾಕು.

ಹಾಗಾದರೆ ಯಾವ ಬಣ್ಣ? ನೀರಿನಲ್ಲಿ ಕರಗುವ, ಏರ್‌ಬ್ರಷ್‌ಗೆಂದೇ ತಯಾರಾದ, ಮಕ್ಕಳಿಗೆಂದು ಬರೆದಿರುವ ಬಣ್ಣ. ಡಬ್ಬಿಯ ಮೇಲೆ ‘ನಾನ್-ಟಾಕ್ಸಿಕ್’ ಎಂದಿದ್ದರೆ ಅಲ್ಲಿಗೆ ನಿಲ್ಲಬೇಡಿ. ಆ ಮಾತು ಹೆಚ್ಚಾಗಿ ಕುಂಚದಿಂದ ಹಚ್ಚುವ ಲೆಕ್ಕದಲ್ಲಿ ಹೇಳಿದ್ದು. ಕುಂಚಕ್ಕೆ ಒಳ್ಳೆಯದಾದ ಬಣ್ಣ ಉಸಿರಿಗೂ ಒಳ್ಳೆಯದೇ ಆಗಿರಬೇಕೆಂದಿಲ್ಲ. ಕ್ಯಾಡ್ಮಿಯಂ ಇರುವ ಹಳದಿ, ಕೆಂಪು ಬಣ್ಣದ ಕೆಲವು ಟ್ಯೂಬುಗಳ ಮೇಲೆ ‘ಸಿಂಪಡಿಸಬೇಡಿ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಕನ್ನಡಕ ಹಾಕಿಕೊಂಡು ಓದಿ. ಕಲಿಕೆಯ ಮೊದಲ ದಿನಗಳಿಗೆ ಕೇಕ್ ಮಾಡುವವರು ಬಳಸುವ ದ್ರವರೂಪದ ತಿನ್ನುವ ಬಣ್ಣವೂ ನಡೆಯುತ್ತದೆ. ಬಿಸಿಲಿಗೆ ಬೇಗ ಮಾಸುತ್ತದೆ ಎಂಬುದು ಅದರ ದೋಷ, ಕಲಿಯುವ ಕಾಗದಕ್ಕೆ ಅಷ್ಟು ಸಾಕು. ಅದನ್ನು ಬಳಸುವಾಗಲೂ ಕಿಟಕಿ ತೆರೆದಿರಲಿ.

ಎರಡನೆಯದು ಗಾಳಿಯ ಯಂತ್ರ, ಅಂದರೆ ಕಂಪ್ರೆಸರ್. ಪಂಕ್ಚರ್ ಅಂಗಡಿಯದೇ ತರೋಣ, ಖರ್ಚು ಉಳಿಯುತ್ತದೆ ಎಂಬ ಮಾತು ಬಂದೇ ಬರುತ್ತದೆ. ಅದರ ಟ್ಯಾಂಕಿನಲ್ಲಿ ನೂರು ಪಿಎಸ್‌ಐಗಿಂತ ಹೆಚ್ಚು ಒತ್ತಡ ತುಂಬಿರುತ್ತದೆ, ಏರ್‌ಬ್ರಷ್‌ಗೆ ಬೇಕಾದದ್ದು 15ರಿಂದ 30. ಒತ್ತಡ ಹೆಚ್ಚಾದಷ್ಟೂ ಮಂಜು ಹೆಚ್ಚು, ಕೋಣೆ ತುಂಬುವುದೂ ಹೆಚ್ಚು. ಎಣ್ಣೆ ಹಾಕುವ ಕಂಪ್ರೆಸರ್ ಆದರೆ ಗಾಳಿಯ ಜೊತೆ ಎಣ್ಣೆಯ ಕಣಗಳೂ ಬರುತ್ತವೆ. ಆದ್ದರಿಂದ ಎಣ್ಣೆ ಬೇಡದ ಸಣ್ಣ ಕಂಪ್ರೆಸರ್, ಒತ್ತಡ ತಗ್ಗಿಸುವ ತಿರುಪು, ಅಳತೆಯ ಮುಳ್ಳು, ನೀರು ಹಿಡಿದಿಡುವ ಸಣ್ಣ ಬಟ್ಟಲು ಇವಿಷ್ಟೂ ಇರುವುದನ್ನೇ ತನ್ನಿ. ಮುಳ್ಳನ್ನು ಇಪ್ಪತ್ತಕ್ಕೆ ನಿಲ್ಲಿಸಿ. ಚಾರ್ಜ್ ಮಾಡಿ ಕೈಯಲ್ಲಿ ಹಿಡಿಯುವ ಅಗ್ಗದ ಸೆಟ್‌ಗಳು ಈಗ ಆನ್‌ಲೈನಿನಲ್ಲಿ ಬಹಳ ಬರುತ್ತವೆ. ಅವುಗಳಲ್ಲಿ ಒತ್ತಡ ತಗ್ಗಿಸಲು ಬಾರದ್ದನ್ನು ಬಿಟ್ಟುಬಿಡಿ.

ಒತ್ತಡದ ಗಾಳಿಯ ಬಗ್ಗೆ ಇನ್ನೊಂದು ಮಾತು ಹೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಹೇಳಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೈಕ್ ಸರ್ವಿಸ್ ಅಂಗಡಿಯೊಂದರಲ್ಲಿ ತಮಾಷೆಗೆಂದು ಗೆಳೆಯನ ಮೈಯೊಳಗೆ ಗಾಳಿಯ ಪೈಪಿನಿಂದ ಗಾಳಿ ಬಿಟ್ಟು ಒಬ್ಬ ಯುವಕ ಸತ್ತೇಹೋದ. ಕಿವಿಗೆ, ಬಾಯಿಗೆ, ಕಣ್ಣಿಗೆ, ಗಾಯದ ಮೇಲೆ, ಎಲ್ಲಿಯೂ ಪೈಪು ಹಿಡಿಯಬಾರದು ಎಂಬುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿ. ನಾಚಿಕೊಂಡು ಅರ್ಧ ಹೇಳಬೇಡಿ.

ಗನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಂಡಿಯನ್ನು ಒತ್ತಿದರೆ ಗಾಳಿಯೂ ಬಣ್ಣವೂ ಒಟ್ಟಿಗೆ ಬರುವ ಸಿಂಗಲ್ ಆ್ಯಕ್ಷನ್ ಮಕ್ಕಳಿಗೆ ಸುಲಭ. ತೂತು 0.2 ಮಿ.ಮೀ. ಇರುವುದು ಪದೇ ಪದೇ ಕಟ್ಟಿಕೊಳ್ಳುತ್ತದೆ, 0.5 ಇರಲಿ. ಒಳಗಿನ ಸೂಜಿ ಬಹಳ ಚೂಪು, ಅದನ್ನು ದೊಡ್ಡವರೇ ಬಿಚ್ಚಬೇಕು. ಐದು ಮಕ್ಕಳಿಗೆ ಐದು ಗನ್ ತರಬೇಡಿ, ಒಂದೇ ತನ್ನಿ. ಸರದಿಯ ಮೇಲೆ ಒಬ್ಬರೇ ಸಿಂಪಡಿಸಲಿ, ಉಳಿದವರು ಪಕ್ಕದ ಕೋಣೆಯಲ್ಲಿ ರಟ್ಟು ಕತ್ತರಿಸಲಿ.

ಉಳಿದ ಹಣ ಫ್ಯಾನಿಗೆ ಹಾಕಿ. ಮಾಳಿಗೆಯ ಫ್ಯಾನ್ ಅಲ್ಲ, ಅದು ಬಣ್ಣದ ಧೂಳನ್ನು ಎಲ್ಲರಿಗೂ ಹಂಚುತ್ತದೆ ಅಷ್ಟೇ. ಕಿಟಕಿಯಲ್ಲಿ ಗಾಳಿಯನ್ನು ಹೊರಗೆ ತಳ್ಳುವ ಎಕ್ಸಾಸ್ಟ್ ಫ್ಯಾನ್ ಬೇಕು. ಅದರ ಮುಂದೆಯೇ ಮೇಜು ಇಡಿ, ಮೂರು ಕಡೆ ರಟ್ಟಿನ ಪೆಟ್ಟಿಗೆಯಂತೆ ಮರೆ ಮಾಡಿ, ಆ ಪೆಟ್ಟಿಗೆಯೊಳಗೆ ಮಗು ಸಿಂಪಡಿಸಲಿ. ಗಾಳಿ ಮಗುವಿನ ಬೆನ್ನ ಕಡೆಯಿಂದ ಬಂದು ಕಾಗದ ದಾಟಿ ಹೊರಗೆ ಹೋಗಬೇಕು. ಬಾಗಿಲು ತೆರೆದಿಟ್ಟರೆ ಮಾತ್ರ ಇದು ಸಾಧ್ಯ. ಕಿಟಕಿಯ ಆಚೆ ಪಕ್ಕದ ಮನೆಯ ಅಡುಗೆಕೋಣೆ ಇದ್ದರೆ ಬೇರೆ ಕಿಟಕಿ ನೋಡಿ, ನೆರೆಯವರಿಗೂ ಎದೆ ಇದೆ.

ಮಾಸ್ಕ್ ಹಾಕಿದರೆ ಸಾಲದೇ ಎಂದು ಕೇಳುತ್ತೀರಿ. ಬಟ್ಟೆಯ ಮಾಸ್ಕ್ ಈ ಸಣ್ಣ ಕಣ ತಡೆಯುವುದಿಲ್ಲ. ಎನ್95 ತಡೆಯುತ್ತದೆ, ಆದರೆ ದೊಡ್ಡವರ ಮುಖದ ಅಳತೆಯದು ಮಗುವಿನ ಕೆನ್ನೆಯ ಪಕ್ಕ ಬಾಯಿಬಿಟ್ಟುಕೊಂಡಿರುತ್ತದೆ. ತಿನ್ನರಿನ ಆವಿಯನ್ನಂತೂ ಅದು ತಡೆಯುವುದೇ ಇಲ್ಲ. ಮಾಸ್ಕ್ ಹಾಕಿಸಿ, ಬೇಡವೆನ್ನುವುದಿಲ್ಲ. ಅದನ್ನು ನಂಬಿ ಕಿಟಕಿ ಮುಚ್ಚಬೇಡಿ.

ಕೆಲಸ ಮುಗಿದ ಮೇಲೆ ಕೈ ತೊಳೆಯುವುದರಲ್ಲೂ ಒಂದು ಅಪಾಯ ಇದೆ. ಅಕ್ರಿಲಿಕ್ ಬಣ್ಣ ಒಣಗಿದರೆ ಉಗುರಿನ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಪದರದಂತೆ ಕೂರುತ್ತದೆ. ಅದರಡಿ ನೀರು ಇಳಿಯದು ಎಂದು ವುಝೂ ಮಾಡುವ ಮಗು ಗಾಬರಿಯಾಗುತ್ತದೆ, ನಮಾಝಿನ ಹೊತ್ತು ಮೀರುತ್ತಿದೆ ಎಂದು ಯಾರೋ ಕೈಗೆ ತಿನ್ನರ್, ಇಲ್ಲವೆ ಪೆಟ್ರೋಲ್ ಸುರಿಯುತ್ತಾರೆ. ಅದು ಚರ್ಮದ ಎಣ್ಣೆ ತೆಗೆದು ಬಿರುಕು ಬಿಡಿಸುತ್ತದೆ, ಚರ್ಮದ ಮೂಲಕ ಒಳಗೂ ಸೇರುತ್ತದೆ. ಕೆಲಸಕ್ಕೆ ಮೊದಲೇ ಉಗುರಿಗೆ ಕೊಬ್ಬರಿ ಎಣ್ಣೆ ಸವರಿ. ಬಣ್ಣ ಹಸಿ ಇರುವಾಗಲೇ ಸೋಪಿನಲ್ಲಿ ತೊಳೆಸಿ. ಒಣಗಿದ್ದರೆ ಮತ್ತೆ ಎಣ್ಣೆ ಹಚ್ಚಿ ಉಜ್ಜಿ ಸೋಪು ಹಾಕಿ, ಹೋಗುತ್ತದೆ. ಅಸರ್ ನಮಾಝಿಗೆ ಅರ್ಧ ಗಂಟೆ ಮುಂಚೆಯೇ ಕೂಟ ಮುಗಿಸಿದರೆ ಈ ಅವಸರವೇ ಇರುವುದಿಲ್ಲ.

ಈದ್ ಹತ್ತಿರ ಬಂದಾಗ ಇದೇ ಗನ್ನಿನಿಂದ ಹುಡುಗಿಯರ ಕೈಗೆ ಅಚ್ಚಿಟ್ಟು ಮೆಹಂದಿ ವಿನ್ಯಾಸ ಹೊಡೆಯೋಣ ಎಂಬ ಆಲೋಚನೆ ಬಂದರೆ ಬಿಟ್ಟುಬಿಡಿ. ಕಾಗದದ ಬಣ್ಣ ಮೈಗಲ್ಲ. ‘ಕರಿ ಮೆಹಂದಿ’ ಎಂದು ಮಾರುವುದರಲ್ಲಿ ಹಲವು ಸಲ ಕೂದಲ ಬಣ್ಣದ ಪಿಪಿಡಿ ಬೆರೆಸಿರುತ್ತಾರೆ. ಅದರಿಂದ ಬೊಬ್ಬೆ ಎದ್ದ ಕೈಗಳಿಗೆ ಆ ಅಲರ್ಜಿ ಜೀವನಪರ್ಯಂತ ಉಳಿಯಬಹುದು.

ಕೊನೆಯದಾಗಿ, ಕೂಟಕ್ಕೆ ಸೇರಿಸುವಾಗ ಪ್ರತಿ ತಾಯಿಯನ್ನೂ ಬೇರೆ ಕರೆದು ಕೇಳಿ, ಮಗುವಿಗೆ ದಮ್ಮು ಇದೆಯೇ, ರಾತ್ರಿ ಕೆಮ್ಮುತ್ತದೆಯೇ ಎಂದು. ಎಲ್ಲರ ಮುಂದೆ ಕೇಳಿದರೆ ಹೇಳುವುದಿಲ್ಲ. ಹೆಣ್ಣುಮಗುವಾದರೆ ನಾಳೆ ಸಂಬಂಧಕ್ಕೆ ಅಡ್ಡಿಯಾದೀತೆಂದು ಮುಚ್ಚಿಡುವವರು ನಮ್ಮಲ್ಲಿ ಈಗಲೂ ಇದ್ದಾರೆ, ಇನ್ಹೇಲರ್‌ಅನ್ನು ಬುರ್ಖಾದ ಜೇಬಿನಲ್ಲಿ ಅಡಗಿಸಿಕೊಂಡು ಬರುವ ಹುಡುಗಿಯರನ್ನು ಕಂಡಿದ್ದೇನೆ. ಅಂಥ ಮಗುವನ್ನು ಸಿಂಪಡಿಸುವ ಕೋಣೆಗೆ ಕಳಿಸಬೇಡಿ. ಅಚ್ಚು ಕತ್ತರಿಸುವ ಕೆಲಸವನ್ನು ಅವಳಿಗೇ ವಹಿಸಿ, ಚಿತ್ರದ ಚಂದವೆಲ್ಲ ಅಚ್ಚಿನಲ್ಲೇ ಇರುವುದು.

ನಮ್ಮ ಓಣಿಯ ತಾಯಂದಿರು ಸದ್ಯಕ್ಕೆ ಏನನ್ನೂ ಕೊಂಡಿಲ್ಲ. ಹಿತ್ತಲ ಕಡೆಯ ಕಿಟಕಿಯ ಅಳತೆ ತೆಗೆದು ಫ್ಯಾನಿನ ದರ ಕೇಳಲು ಬನಹಟ್ಟಿಗೆ ಒಬ್ಬರನ್ನು ಕಳಿಸಿದ್ದಾರೆ.