ಆಟೋಫೋಕಸ್ ಸೋಮಾರಿಗಳಿಗಂತೆ!

ಮೊಬೈಲಿನ ಈ ಕಾಲದಲ್ಲೂ ಫಿಲ್ಮ್ ಕ್ಯಾಮೆರಾ ಹಿಡಿಯಬೇಕೆಂಬ ಹುಮ್ಮಸ್ಸು ನಮ್ಮ ಸಂಘದ ಹುಡುಗ ಹುಡುಗಿಯರಲ್ಲಿ ಕಾಣುತ್ತಿದೆ. ಸಂತೋಷವೇ. ಆದರೆ ಅವರು ಸಲಹೆ ಕೇಳಿದೊಡನೆ ನಮ್ಮ ಹಿರಿಯ ಹವ್ಯಾಸಿಗಳು, "ಕೈಯಿಂದ ಫೋಕಸ್ ಮಾಡುವ ಹಳೇ ಲೋಹದ ಕ್ಯಾಮೆರಾದಲ್ಲೇ ಕಲಿಯಿರಿ, ಆಟೋಫೋಕಸ್ ಸೋಮಾರಿಗಳಿಗೆ" ಎಂದು ಅಪ್ಪಣೆ ಕೊಡಿಸುತ್ತಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ.

ಒಂದು ರೋಲಿಗೆ 36 ಚಿತ್ರ. ಫಿಲ್ಮಿನ ಬೆಲೆ, ಡೆವಲಪ್ ಮಾಡಿಸುವ ಖರ್ಚು ಎರಡೂ ಸಂಬಳದವರ ಕೈ ಕಚ್ಚುತ್ತವೆ. ಅರ್ಧ ರೋಲು ಮಸುಕಾಗಿ ಬಂದರೆ ಹೊಸಬರು ಎರಡನೆಯದನ್ನು ಕೊಳ್ಳುವರೇ?

1977ರಲ್ಲಿ ಕೊನಿಕಾ ಸಿ35 ಎಎಫ್ ಬಂದಾಗಲೂ ಇದೇ ಮೂದಲಿಕೆಗೆ ಅವಕಾಶವಿತ್ತು. 1999ರ ಕ್ಯಾನನ್ ಇಒಎಸ್ 300 ನೋಡಿ. ಪ್ಲಾಸ್ಟಿಕ್ ಮೈ, ನಿಜ. ಆದರೆ ಏಳು ಫೋಕಸ್ ಬಿಂದುಗಳಿವೆ. ಬೇಕೆಂದರೆ ಎಲ್ಲವನ್ನೂ ಕೈಯಿಂದಲೇ ಹೊಂದಿಸಬಹುದು. ಫಿಲ್ಮ್ ಹಾಕಿದೊಡನೆ ಪೂರ್ತಿ ಹೊರಗೆ ಸುತ್ತಿಕೊಂಡು, ತೆಗೆದ ಚಿತ್ರಗಳನ್ನು ಒಂದೊಂದಾಗಿ ಡಬ್ಬಿಯೊಳಕ್ಕೆ ಸೇರಿಸುತ್ತದೆ. ಮಗು ಹಿಂಬಾಗಿಲು ತೆರೆದುಬಿಟ್ಟರೂ ತೆಗೆದದ್ದು ಬಹುಮಟ್ಟಿಗೆ ಉಳಿಯುತ್ತದೆ. ಲೋಹದ ಕ್ಯಾಮೆರಾದ ಭಕ್ತರು ಇದಕ್ಕೇನನ್ನುತ್ತಾರೆ?

ಬುದ್ಧಿಗೆ ಕೆಲಸವಿಲ್ಲವೆಂಬುದೂ ಸುಳ್ಳು. ಲೆನ್ಸಿನ ಎರಡು ಬದಿಗಳಿಂದ ಬಂದ ಬೆಳಕನ್ನು ಹೋಲಿಸಿ ಯಂತ್ರ ದೂರವನ್ನು ಹೊಂದಿಸಿಕೊಳ್ಳುತ್ತದೆ. ಗೆರೆ ಅಂಚುಗಳಿಲ್ಲದ ಬಿಳಿ ಗೋಡೆಗೆ ಹಿಡಿದರೆ ತಬ್ಬಿಬ್ಬಾಗುತ್ತದೆ. ಅಷ್ಟೇ ದೂರದ ಬೇರೆ ವಸ್ತುವಿಗೆ ಹಿಡಿದು, ಗುಂಡಿಯನ್ನು ಅರ್ಧ ಒತ್ತಿ, ಮತ್ತೆ ಚೌಕಟ್ಟು ಸರಿಪಡಿಸಿಕೊಳ್ಳಬೇಕು. ಯಾರ ಮುಖ ಮುಖ್ಯವೆಂದು ಯಂತ್ರಕ್ಕೇನು ಗೊತ್ತು?

ನನ್ನ ನಿಜವಾದ ತಕರಾರು ಬೇರೆ. ಊರು ಬಿಟ್ಟು ಬಂದ ನಮ್ಮಂಥವರ ಮನೆಯ ಹಳೆಯ ಆಲ್ಬಂ ತೆರೆದು ನೋಡಿ. ಊರಿಂದ ಬಂದ ಅಜ್ಜಿ, ನಾಮಕರಣ, ರಾಜ್ಯೋತ್ಸವದ ನಾಟಕ, ಎಲ್ಲವೂ ಯಜಮಾನರ ಕಣ್ಣಿಗೆ ಕಂಡಂತೆಯೇ ಇವೆ. ಅಮ್ಮ ಕಂಡ ಮನೆ ಎಲ್ಲಿದೆ? "ನಿನಗೆ ಫೋಕಸ್ ಗೊತ್ತಾಗುವುದಿಲ್ಲ" ಎಂಬ ಒಂದೇ ಮಾತಿನಿಂದ ಎಷ್ಟು ತಾಯಂದಿರ ಕೈಯಿಂದ ಕ್ಯಾಮೆರಾ ಕಿತ್ತುಕೊಂಡಿಲ್ಲ! ಅಪ್ಪನೂ ಆಲ್ಬಮ್ಮಿನಲ್ಲಿ ಅಪರೂಪ, ಏಕೆಂದರೆ ತೆಗೆಯುವವರು ಇನ್ನೊಬ್ಬರಿಲ್ಲ. ಆ ಉಂಗುರ ತಿರುಗಿಸುವ ದೊಡ್ಡ ವಿದ್ಯೆಯನ್ನು ಈಗ ಮತ್ತೆ ಮಕ್ಕಳ ಮುಂದೆ ಬೇಲಿಯಾಗಿ ನೆಡುತ್ತಿದ್ದೇವೆ.

ರಿಪೇರಿಯ ಕಷ್ಟವನ್ನು ಒಪ್ಪುತ್ತೇನೆ. ಕ್ಯಾನನ್ 2018ರಲ್ಲಿ ಫಿಲ್ಮ್ ಕ್ಯಾಮೆರಾ ಮಾರಾಟವನ್ನೇ ನಿಲ್ಲಿಸಿತು. ಆದ್ದರಿಂದ ಕೊಳ್ಳುವ ಮೊದಲು ಎರಡು ಸಿಆರ್2 ಬ್ಯಾಟರಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಹಾಕಿ, ಓಡಿಸಿ ನೋಡಿ. ಡಿಜಿಟಲ್ ಕ್ಯಾಮೆರಾದ ಇಎಫ್-ಎಸ್ ಲೆನ್ಸನ್ನು ಅಂಗಡಿಯವನು ತಲೆಗೆ ಕಟ್ಟಲು ಬಂದರೆ ಬೇಡವೆನ್ನಿ, ಅದು ಇದಕ್ಕೆ ಕೂರುವುದಿಲ್ಲ.