ಒಂದು ಸಾಲು ತಪ್ಪಿದರೆ



ನಮ್ಮ ಪಕ್ಕದ ಮನೆಯ ಹುಡುಗಿ ಎಂಟನೇ ತರಗತಿ. ಒಂದು ಸಂಜೆ ಅಳುತ್ತಾ ಬಂದಳು. ಎನ್‌ಎಂಎಂಎಸ್ ಪರೀಕ್ಷೆಗೆಂದು ಶಾಲೆಯಲ್ಲಿ ಬರೆದ ಮಾದರಿ ಪತ್ರಿಕೆಯಲ್ಲಿ 90ಕ್ಕೆ 35 ಅಂಕ!

"24ನೇ ಪ್ರಶ್ನೆ ಬಿಟ್ಟೆ ಟೀಚರಜ್ಜಿ. ಆದ್ರೆ ಒಎಂಆರ್ ಹಾಳೇಲಿ ಆ ಸಾಲು ಬಿಡೋದು ಮರೆತೆ. ಕೊನೇಲಿ 90ರ ಸಾಲು ಖಾಲಿ ಉಳಿದಾಗ ಗೊತ್ತಾಯ್ತು. ಅಷ್ಟರಲ್ಲಿ ಗಂಟೆ ಹೊಡೀತು."

25ರ ಉತ್ತರ 24ರಲ್ಲಿ, 26ರದು 25ರಲ್ಲಿ, ಕಡೆಯವರೆಗೂ ಹಾಗೇ. ಅವಳ ಅಪ್ಪ ಗಾರೆ ಕೆಲಸದವರು. ಈ ವಿದ್ಯಾರ್ಥಿವೇತನ ಸಿಕ್ಕರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಅಳು ಬರದೇ ಇರುತ್ತದೆಯೇ?

ನಿಜವಾದ ಪರೀಕ್ಷೆಗೆ ಮೂರು ವಾರವಿತ್ತು. ದಿನಾ ಸಂಜೆ ನಮ್ಮ ಜಗಲಿಯಲ್ಲಿ ಕುಳಿತೆವು. ನಾವು ಮಾಡಿಕೊಂಡ ನಿಯಮಗಳನ್ನು ನೀವೂ ಕೇಳಿ.

ಮೊದಲು ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಪ್ರಶ್ನೆಯನ್ನಷ್ಟೇ ಓದಿ. ನಿಮ್ಮದೇ ಉತ್ತರ ಯೋಚಿಸಿ, ಆಮೇಲೆ ನಾಲ್ಕನ್ನೂ ನೋಡಿ.

"ಅಲ್ಲ" ಎಂಬ ಪದ ಕಂಡರೆ ಅಡಿಗೆರೆ ಎಳೆಯಿರಿ. "ಕಾವೇರಿಯ ಉಪನದಿ ಯಾವುದಲ್ಲ?" ಎಂದು ಕೇಳಿ, ಹೇಮಾವತಿ, ಕಬಿನಿ, ಅರ್ಕಾವತಿ, ತುಂಗಭದ್ರಾ ಎಂದು ಕೊಟ್ಟರೆ ಅವಸರದವರು ಹೇಮಾವತಿಗೇ ಗುರುತು ಹಾಕುತ್ತಾರೆ. ಸರಿಯುತ್ತರ ತುಂಗಭದ್ರಾ, ಅದು ಕೃಷ್ಣೆಯನ್ನು ಸೇರುತ್ತದೆ.

90 ನಿಮಿಷ, 90 ಪ್ರಶ್ನೆ. ಹಾಗಾಗಿ ಕಗ್ಗಂಟಿನ ಪ್ರಶ್ನೆಯ ಹತ್ತಿರ ಕೂರಬೇಡಿ. ಅದಕ್ಕೊಂದು ಸುತ್ತು ಹಾಕಿ ಮುಂದೆ ಹೋಗಿ, ಕೊನೆಯಲ್ಲಿ ಮತ್ತೆ ಬನ್ನಿ. ಖಂಡಿತ ಅಲ್ಲ ಎನಿಸಿದ ಎರಡನ್ನು ಹೊಡೆದುಹಾಕಿದರೆ ಉಳಿಯುವುದು ಎರಡೇ. ಈ ಪರೀಕ್ಷೆಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಯಾವುದನ್ನೂ ಖಾಲಿ ಬಿಡಬೇಡಿ. ಎಲ್ಲ ಕಡೆ ಹೀಗಿಲ್ಲ. ನಿಮ್ಮ ಅಕ್ಕ, ಅಣ್ಣ ಬರೆಯುವ ನೀಟ್‌ನಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಸೂಚನೆಗಳನ್ನು ಮೊದಲೇ ಓದಿಕೊಳ್ಳಿ.

ಕೊನೆಯದು, ನಮ್ಮ ಹುಡುಗಿಯ ನಿಯಮ: ವೃತ್ತ ತುಂಬುವ ಮುನ್ನ ಪ್ರಶ್ನೆಯ ಸಂಖ್ಯೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಹತ್ತು ಪ್ರಶ್ನೆಗೊಮ್ಮೆ ಎರಡೂ ಸಂಖ್ಯೆ ತಾಳೆ ನೋಡಿ. ಪೆನ್ನಿನ ಗುರುತು ಅಳಿಸಲಾಗದು.

ಕಳೆದ ಭಾನುವಾರ ಪರೀಕ್ಷೆ ಮುಗಿಸಿ ಓಡಿ ಬಂದಳು. ಅಂಕ ಎಷ್ಟು ಬರಬಹುದೆಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು: "90ರ ಸಾಲಲ್ಲಿ 90ರ ಉತ್ತರಾನೇ ಇದೆ, ಟೀಚರಜ್ಜಿ!"