ಮೊದಲು ಯಾರಿಗೆ ಹೇಳುತ್ತಾರೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಹಂಪನಕಟ್ಟೆಯ ಮೊಬೈಲ್ ಅಂಗಡಿಯೊಂದರಲ್ಲಿ ನಿಂತಿದ್ದೆ. ಪಕ್ಕದಲ್ಲಿ ತಾಯಿ, ಮಗ. ಒಳ್ಳೆಯ ಅಂಕ ಬಂದರೆ ಫೋನ್ ಕೊಡಿಸುವುದೆಂದು ಮೊದಲೇ ಮಾತಾಗಿತ್ತಂತೆ. ದುಡ್ಡು ಕೊಟ್ಟಾದ ಮೇಲೆ ತಾಯಿ ಮೆಲ್ಲಗೆ ಅಂಗಡಿಯವನನ್ನು ಕೇಳಿದರು, “ಇದರಲ್ಲಿ ಕೆಟ್ಟದ್ದು ಬಾರದ ಹಾಗೆ ಬೀಗ ಹಾಕಲಿಕ್ಕೆ ಆಗುತ್ತದಾ?” ಮಗ ಬೇರೆ ಕಡೆ ನೋಡಿ ನಕ್ಕ. ಅಂಗಡಿಯವನೂ ನಕ್ಕ. ತಾಯಿ ಮಾತ್ರ ನಗಲಿಲ್ಲ.

ಆ ತಾಯಿಯ ಪ್ರಶ್ನೆ ತಮಾಷೆಯದಲ್ಲ. ನಮ್ಮ ಕಾಲದಲ್ಲಿ ಹುಡುಗರು ಫೋನ್ ಮಾಡಬೇಕಿದ್ದರೆ ಎಸ್‌ಟಿಡಿ ಬೂತಿಗೆ ಹೋಗಬೇಕಿತ್ತು. ಅಲ್ಲಿ ಆಡಿದ ಮಾತು ಸಂಜೆಯೊಳಗೆ ಮನೆ ತಲುಪುತ್ತಿತ್ತು. ಮನೆಗೆ ಬರುವವರು ಗೇಟು ದಾಟಿಯೇ ಬರಬೇಕಿತ್ತು. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಫೋನ್ ಪಠ್ಯಪುಸ್ತಕದ ವೇಷದಲ್ಲಿ ಮಕ್ಕಳ ಕೈ ಸೇರಿತು. ಶಾಲೆ ಮತ್ತೆ ತೆರೆಯಿತು, ಫೋನ್ ಕೈಯಲ್ಲೇ ಉಳಿಯಿತು. ಈಗ ಗೇಟಿಗೆ ಬೀಗ ಹಾಕಿದರೂ ಪ್ರಪಂಚ ಮಗುವಿನ ದಿಂಬಿನ ಪಕ್ಕದಲ್ಲೇ ಇರುತ್ತದೆ.

ಹೆತ್ತವರನ್ನು ಕೇಳಿದರೆ ಅವರ ಭಯವೆಲ್ಲ ಅಪರಿಚಿತರದ್ದು. ಆದರೆ 2022ರ ಜುಲೈಯಲ್ಲಿ ನಮ್ಮ ನಗರದಲ್ಲೇ ನಡೆದದ್ದನ್ನು ನೆನಪಿಸಿಕೊಳ್ಳಿ. ಕಾಲೇಜು ವಿದ್ಯಾರ್ಥಿಗಳು ಖಾಸಗಿ ಫ್ಲ್ಯಾಟ್ ಒಂದರಲ್ಲಿ ಸೇರಿ ‘ಟ್ರೂತ್ ಆರ್ ಡೇರ್’ ಆಟವಾಡಿದ್ದು, ಅದನ್ನು ಅವರಲ್ಲೇ ಒಬ್ಬ ಮೊಬೈಲಿನಲ್ಲಿ ಚಿತ್ರೀಕರಿಸಿದ್ದು, ಆ ವಿಡಿಯೊ ಕೆಲವು ತಿಂಗಳ ಬಳಿಕ ವಾಟ್ಸ್‌ಆ್ಯಪ್‌ನಲ್ಲಿ ಊರೆಲ್ಲ ಹರಿದಾಡಿದ್ದು ಎಲ್ಲರಿಗೂ ಗೊತ್ತು. ಪೊಲೀಸರು ಪೊಕ್ಸೊ ಹಾಗೂ ಮಾಹಿತಿ ತಂತ್ರಜ್ಞಾನ ಕಾಯ್ದೆಗಳಡಿ ಪ್ರಕರಣ ದಾಖಲಿಸಿದರು. ಎಂಟು ಮಂದಿ ವಿದ್ಯಾರ್ಥಿಗಳ ಮೇಲೆ ಕ್ರಮವಾಯಿತು. ಇಲ್ಲಿ ಹೊರಗಿನ ವಂಚಕ ಯಾರೂ ಇರಲಿಲ್ಲ. ಚಿತ್ರ ತೆಗೆದವನೂ ಗೆಳೆಯ, ಚಿತ್ರದಲ್ಲಿದ್ದವರೂ ಗೆಳೆಯರು.

ಆ ವಿಡಿಯೊವನ್ನು ಊರೆಲ್ಲ ಹಂಚಿದವರು ಯಾರು? ಮಕ್ಕಳು ಮಾತ್ರವೇ? “ಛೆ, ಕಾಲ ಕೆಟ್ಟಿತು” ಎಂದು ಕೆಳಗೊಂದು ಸಾಲು ಬರೆದು ಇನ್ನೊಂದು ಗುಂಪಿಗೆ ಕಳುಹಿಸಿದ ದೊಡ್ಡವರೂ ಇದ್ದರು. ಹದಿನೆಂಟು ತುಂಬದವರ ಇಂಥ ಚಿತ್ರಗಳನ್ನು ಹಂಚುವುದು ಕಾಯ್ದೆಯ ಪ್ರಕಾರ ಅಪರಾಧ. ಅಳಿಸದೆ, ಪೊಲೀಸರಿಗೂ ತಿಳಿಸದೆ ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಎಂಬುದನ್ನು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಬೇರೆಯವರ ಮಗಳ ಮಾನವನ್ನು ಅಪ್ಪ ಚಹಾ ಕುಡಿಯುತ್ತಾ ಫಾರ್ವರ್ಡ್ ಮಾಡುವುದನ್ನು ನೋಡಿದ ಮಗ ಏನು ಕಲಿಯುತ್ತಾನೆ? ಮೊದಲ ಪಾಠ ನಮ್ಮ ಫೋನಿನಿಂದಲೇ ಆರಂಭವಾಗಬೇಕು.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿದೆ. ಚಿತ್ರೀಕರಣಕ್ಕೂ ಅದು ಬೀದಿಗೆ ಬಂದದ್ದಕ್ಕೂ ನಡುವೆ ತಿಂಗಳುಗಳೇ ಇದ್ದವು. ಅಂಥ ಹೊತ್ತಿನಲ್ಲಿ ಒಂದು ಮಗು ಮನೆಯಲ್ಲಿ ಬಾಯಿ ಬಿಟ್ಟಿದ್ದರೆ ಎಷ್ಟೋ ಅನಾಹುತ ತಪ್ಪಬಹುದು. ಆದರೆ ಮಕ್ಕಳು ಹೇಳುವುದಿಲ್ಲ. ಯಾಕೆ? ಹೇಳಿದರೆ ಮೊದಲು ಫೋನ್ ಹೋಗುತ್ತದೆ. ಹುಡುಗಿಯಾದರೆ ಆಮೇಲೆ ಕಾಲೇಜೂ ಹೋಗುತ್ತದೆ. ಇದು ಅವರಿಗೆ ಚೆನ್ನಾಗಿ ಗೊತ್ತು. ಬೆದರಿಸುವವನಿಗೂ ಗೊತ್ತು. “ನಿನ್ನ ಅಪ್ಪನಿಗೆ ಕಳುಹಿಸುತ್ತೇನೆ” ಎಂಬುದೇ ಅವನ ಮೊದಲ ಮಾತು. ಅಂದರೆ ಅವನ ಬಂಡವಾಳ ಆ ಚಿತ್ರವಲ್ಲ, ನಮ್ಮ ಸಿಟ್ಟು. ಅಪ್ಪನಿಗೆ ಹೆದರದ ಮಗುವನ್ನು ಅವನು ಹೆಚ್ಚು ದಿನ ಹೆದರಿಸಲಾರ.

ಹಾಗಾದರೆ ಬೀಗವೇ ಬೇಡವೇ? ಬೇಕು. 2025ರ ಫೆಬ್ರವರಿಯಿಂದ ನಮ್ಮ ದೇಶದಲ್ಲೂ ಇನ್‌ಸ್ಟಾಗ್ರಾಂನಲ್ಲಿ ಹದಿಹರೆಯದವರಿಗೆ ಪ್ರತ್ಯೇಕ ಖಾತೆ ಬಂದಿದೆ. ಅದು ತಾನಾಗಿಯೇ ಖಾಸಗಿಯಾಗಿರುತ್ತದೆ, ಸಂಪರ್ಕವಿಲ್ಲದವರು ಸಂದೇಶ ಕಳುಹಿಸಲಾಗದು, ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ ಗಂಟೆ ಬಾರಿಸುವುದಿಲ್ಲ. ಹದಿನಾರರ ಒಳಗಿನವರು ಈ ಕಟ್ಟುಗಳನ್ನು ಸಡಿಲಿಸಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಆದರೆ ಇದೆಲ್ಲ ಕೆಲಸ ಮಾಡಬೇಕಾದರೆ ಹುಟ್ಟಿದ ವರ್ಷ ಸರಿಯಾಗಿ ಬರೆದಿರಬೇಕು. ಎಷ್ಟೋ ಮನೆಗಳಲ್ಲಿ ಮಗುವಿಗೆ ಹನ್ನೊಂದು ವರ್ಷವಾದಾಗಲೇ ಅಪ್ಪನೇ ಕುಳಿತು ತಪ್ಪು ವರ್ಷ ಹಾಕಿ ಖಾತೆ ತೆರೆದುಕೊಟ್ಟಿದ್ದಾನೆ. ಆ ದಿನವೇ ಬೀಗದ ಕೈ ಕಳೆದುಹೋಯಿತು. ಇಂದು ಸಂಜೆ ಮಗುವಿನ ಜೊತೆ ಕುಳಿತು ಅದನ್ನೊಮ್ಮೆ ನೋಡಿ.

ಸರಕಾರಗಳೂ ಎಚ್ಚೆತ್ತಿವೆ. ಆಸ್ಟ್ರೇಲಿಯ 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದವರಿಗೆ ಪ್ರಮುಖ ಜಾಲತಾಣಗಳಲ್ಲಿ ಖಾತೆ ಇರಕೂಡದೆಂದು ನಿಯಮ ಜಾರಿಗೆ ತಂದಿತು. ನಮ್ಮ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹದಿನೆಂಟರ ಒಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ರಾತ್ರಿ ಹನ್ನೊಂದಕ್ಕೆ ನಿಮ್ಮ ಮಗಳ ಕೋಣೆಯಲ್ಲಿ ದೀಪ ಉರಿಯುತ್ತಿದೆಯೇ ಎಂದು ನೋಡಲು ಕಾಯ್ದೆ ಬರುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಕೆಲವೇ, ಆದರೆ ಎಲ್ಲರೂ ಮಾಡಬೇಕು. ರಾತ್ರಿ ಮನೆಯ ಎಲ್ಲ ಫೋನುಗಳೂ ಚಾವಡಿಯಲ್ಲೇ ಚಾರ್ಜ್ ಆಗಲಿ, ಅಪ್ಪ ಅಮ್ಮನದ್ದೂ ಸೇರಿ. ಕದ್ದು ನೋಡಬೇಡಿ, ನೋಡುವುದಿದ್ದರೆ ಹೇಳಿಯೇ ನೋಡಿ. ಕದ್ದು ನೋಡಿದ್ದು ಗೊತ್ತಾದ ದಿನ ಮಗು ಎರಡನೆಯ ಖಾತೆ ತೆರೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಅಪ್ಪ ಗಲ್ಫ್‌ನಲ್ಲಿ, ಅಮ್ಮ ಒಬ್ಬರೇ ಮನೆಯಲ್ಲಿ ಎಂಬ ಸಂಸಾರಗಳು ಸಾವಿರಾರು. ಶುಕ್ರವಾರ ವಿಡಿಯೊ ಕರೆಯಲ್ಲಿ “ಮಾರ್ಕ್ಸ್ ಎಷ್ಟು?” ಎಂದು ಕೇಳುವ ಅಪ್ಪ “ಈ ವಾರ ಫೋನಿನಲ್ಲಿ ಯಾರಾದರೂ ಬೇಸರ ಮಾಡಿದರಾ?” ಎಂದೂ ಕೇಳಲಿ. ಮೊದಲ ನಾಲ್ಕು ವಾರ ಉತ್ತರ ಬಾರದು. ಐದನೆಯ ವಾರ ಬಂದೀತು.

ಇಷ್ಟಾದರೂ ಕಷ್ಟ ಬಂದರೆ? ಹಣ ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಗಾಬರಿಯಲ್ಲಿ ಸಂಭಾಷಣೆಯನ್ನು ಅಳಿಸಬೇಡಿ. ಖಾತೆಯ ಹೆಸರು, ಸಂಖ್ಯೆ, ಬೆದರಿಕೆಯ ಮಾತು, ದಿನಾಂಕ ಉಳಿಸಿಕೊಂಡು ಆಮೇಲೆ ಆ ಖಾತೆಯನ್ನು ತಡೆಯಿರಿ. ಮಗುವಿನ ಚಿತ್ರವನ್ನು ‘ಸಲಹೆಗಾಗಿ’ ಕೂಡ ಬಂಧುಗಳಿಗೆ ಕಳುಹಿಸಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ, ಮಕ್ಕಳ ಯಾವುದೇ ಸಂಕಟಕ್ಕೆ 1098ಕ್ಕೆ ಕರೆ ಮಾಡಿ. ನಗರದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಯಿದೆ. ಕೇಂದ್ರ ಸರಕಾರದ ಸೈಬರ್ ಅಪರಾಧ ಜಾಲತಾಣದಲ್ಲೂ ದೂರು ಕೊಡಬಹುದು. ಹದಿನೆಂಟರ ಒಳಗಿನವರ ಚಿತ್ರ ಹರಡದಂತೆ ತಡೆಯಲು 2023ರಿಂದ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಅದಕ್ಕೆ ಚಿತ್ರ ಕಳುಹಿಸಬೇಕಿಲ್ಲ. ಚಿತ್ರದ ಗುರುತುಸಂಖ್ಯೆಯೊಂದು ಫೋನಿನಲ್ಲೇ ತಯಾರಾಗಿ ಅದಷ್ಟೇ ಹೋಗುತ್ತದೆ. ಪೊಕ್ಸೊ ಪ್ರಕರಣಗಳಲ್ಲಿ ಮಗುವಿನ ಹೆಸರು ಬಹಿರಂಗಪಡಿಸುವಂತಿಲ್ಲ. ಆದ್ದರಿಂದ ಮರ್ಯಾದೆಗೆ ಅಂಜಿ ಸುಮ್ಮನಿರಬೇಡಿ. ಮಗು ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ 14416ರಲ್ಲಿ ಟೆಲಿ ಮಾನಸ್ ಸಹಾಯವಾಣಿಯಿದೆ.

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಮಾತು. ಗೆಳತಿಯ ಚಿತ್ರ ನಿಮ್ಮ ಗುಂಪಿಗೆ ಬಂದರೆ ಅದು ನಿಮ್ಮಲ್ಲೇ ನಿಲ್ಲಲಿ, ಮುಂದಕ್ಕೆ ಹೋಗದಿರಲಿ; ನಂಬಿಕೆಯ ಹಿರಿಯರೊಬ್ಬರಿಗೆ ಬಾಯಿಮಾತಿನಲ್ಲಿ ತಿಳಿಸಿ. ನೀವು ಮೋಸ ಹೋಗಿದ್ದರೆ ಅದು ಮೋಸ ಮಾಡಿದವನ ತಪ್ಪು.

ನನ್ನ ಪರಿಚಯದ ಮನೆಯೊಂದರಲ್ಲಿ ಪಿಯುಸಿ ಹುಡುಗನಿಗೆ ‘ಹುಡುಗಿ’ಯೊಬ್ಬಳ ಖಾತೆಯಿಂದ ಇಂಥದೇ ಬೆದರಿಕೆ ಬಂತು. ಮೂರು ದಿನ ಒಳಗೊಳಗೇ ಬೆಂದ ಅವನು ಹೇಳಿದ್ದು ಅಪ್ಪನಿಗಲ್ಲ, ಅಮ್ಮನಿಗಲ್ಲ, ಅಜ್ಜಿಗೆ. ಅಜ್ಜಿಗೆ ಇನ್‌ಸ್ಟಾಗ್ರಾಂ ಎಂದರೆ ಏನೆಂದೇ ಗೊತ್ತಿಲ್ಲ. ಎಲ್ಲ ಕೇಳಿ ಆಕೆ ಹೇಳಿದ್ದಿಷ್ಟೇ: “ಆಯ್ತು, ಮೊದಲು ಊಟ ಮಾಡು. ಆಮೇಲೆ ನೋಡುವ.” ಊಟವಾದ ಮೇಲೆ ಅಜ್ಜಿಯೇ ಮಗನನ್ನು ಕರೆದು ಕೂರಿಸಿ, ಬೈಯಬಾರದೆಂದು ಮಾತು ತೆಗೆದುಕೊಂಡು ವಿಷಯ ತಿಳಿಸಿದರು. ಮರುದಿನ ಅಪ್ಪ ಮಗ ಒಟ್ಟಿಗೆ ಹೋಗಿ ದೂರು ಕೊಟ್ಟರು. ಹುಡುಗ ಈಗ ಇಂಜಿನಿಯರಿಂಗ್ ಓದುತ್ತಿದ್ದಾನೆ.

ಅಂಗಡಿಯಲ್ಲಿದ್ದ ಆ ತಾಯಿಗೆ ಅಂದು ನಾನು ಏನೂ ಹೇಳಲಿಲ್ಲ. ಮತ್ತೆ ಸಿಕ್ಕಿದರೆ ಈ ಅಜ್ಜಿಯ ಕಥೆ ಹೇಳಬೇಕೆಂದಿದ್ದೇನೆ.